ಅವರು ಪಡೆಯದ ಮೂರು ಸಾಲ: ದಾವಣಗೆರೆಯ ಒಂದು ಕ್ರೆಡಿಟ್ ವರದಿ ಪ್ರಕರಣ

ದಾವಣಗೆರೆಯಲ್ಲಿ ತೆರಿಗೆ ರಿಟರ್ನ್, ಜಿಎಸ್‌ಟಿ ಕೆಲಸ ಮಾಡಿಕೊಡುವ ಸಣ್ಣ ಕಚೇರಿ ನನ್ನದು. ಸಾಲದ ಅರ್ಜಿಗೆ ಲೆಕ್ಕಪತ್ರ ಮಾಡಿಸಿಕೊಂಡು ಹೋದವರಲ್ಲಿ ಕೆಲವರು ವಾರದೊಳಗೆ ‘ಸಿಬಿಲ್ (ಹಳೆಯ ಸಾಲಗಳನ್ನು ಹೇಗೆ ತೀರಿಸಿದ್ದೇವೆಂಬ ದಾಖಲೆ, ಅದರ ಅಂಕ) ಸರಿ ಇಲ್ಲವಂತೆ’ ಎಂದು ವಾಪಸ್ ಬರುತ್ತಾರೆ. ವಿಚಾರಿಸಿದರೆ ಬಹಳ ಸಲ ಅದು ಅವರೇ ಮರೆತ ಯಾವುದೋ ಕಂತಿನ ಬಾಕಿ. ಹೀಗಾಗಿ 2024ರ ಜುಲೈನಲ್ಲಿ ಒಬ್ಬ ಮಹಿಳೆಯ ಈ ಪ್ರಕರಣ ಬಂದಾಗ ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆ ಅನುಮಾನಕ್ಕೆ ನಾನು ಅವರಲ್ಲಿ ಕ್ಷಮೆ ಕೇಳಿದ್ದೇನೆ. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಬ್ಯಾಂಕು, ಸಾಲ ಕೊಟ್ಟ ಕಂಪನಿಗಳು ಯಾವುವನ್ನೂ ಹೇಳುವುದಿಲ್ಲ, ಮೊತ್ತಗಳನ್ನು ಕೊಂಚ ಬದಲಿಸಿದ್ದೇನೆ. ಅವರನ್ನು ನಾನು ಮಾತಾಡಿಸುವುದು ಅಕ್ಕ ಎಂದು, ಇಲ್ಲೂ ಹಾಗೇ ಇರಲಿ.

ಹಿನ್ನೆಲೆ

ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು. ಯಜಮಾನರು ತೀರಿಕೊಂಡ ಮೇಲೆ ಮಂಡಕ್ಕಿ ಭಟ್ಟಿಯನ್ನು ತಮ್ಮನ ಜೊತೆ ಸೇರಿ ನಡೆಸುತ್ತಿದ್ದಾರೆ. ಭತ್ತದ ಹೊಟ್ಟಿನ ಒಲೆ, ಕಾದ ಮರಳು, ಬೆಳಗಿನ ಜಾವದಿಂದ ಹೊಗೆ. ಹೊಗೆ ತಗ್ಗಿಸುವ ಹುರಿಯುವ ಯಂತ್ರ ಹಾಕಿಸಬೇಕೆಂಬುದು ಅವರ ಎರಡು ವರ್ಷದ ಆಸೆ. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಆಗ ಸಿಗುತ್ತಿತ್ತು. ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿಕೊಂಡ ಸಹಾಯಧನ. ಸಾಲ ಮಂಜೂರಾಗದಿದ್ದರೆ ಅದೂ ಇಲ್ಲ. ಅವರು ಕೇಳಿದ್ದು 6 ಲಕ್ಷ.

ಅವರು ಅದುವರೆಗೆ ಪಡೆದ ಸಾಲಗಳು ಮೂರೇ: ಒಂದು ಒಡವೆ ಸಾಲ, ಒಂದು ಮಹಿಳಾ ಗುಂಪಿನ ಸಾಲ, ಮಗನ ಬೈಕಿಗೆ ಒಂದು. ಮೂರೂ ತೀರಿವೆ, ರಸೀದಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಆ ಡಬ್ಬಿ ಮುಂದೆ ನಮಗೆ ಬಹಳ ನೆರವಾಯಿತು.

ಸಮಸ್ಯೆ

300ರಿಂದ 900ರ ನಡುವೆ ಇರುವ ಸಿಬಿಲ್ ಅಂಕದಲ್ಲಿ ಅವರದು 548. ಬ್ಯಾಂಕಿನವರು ಅರ್ಜಿ ತಿರುಗಿಸಿದರು. ‘ನಾನೆಲ್ಲಿ ಸಾಲ ತಗಂಡಿದೀನಿ ಹೇಳ್ರಿ, ನಾಳೆನೇ ಕಟ್ತೀನಿ’ ಎಂದು ಅಕ್ಕ ನನ್ನ ಮೇಜಿನ ಮುಂದೆ ಕೂತರು. ವರದಿ ತರಿಸಿದೆವು. ಅದರಲ್ಲಿ ಅವರ ಮೂರು ಸಾಲಗಳ ಜೊತೆಗೆ ಇನ್ನೂ ಮೂರಿದ್ದವು.

2023ರ ಜನವರಿಯಲ್ಲಿ ಬೇರೆ ಜಿಲ್ಲೆಯ ಒಂದು ಅಂಗಡಿಯಲ್ಲಿ ಮೊಬೈಲ್ ಕೊಳ್ಳಲು ಕಂತಿನ ಸಾಲ, 27,000. ಮೂರು ಕಂತು ಕಟ್ಟಿ ನಿಂತಿದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಮೊಬೈಲ್ ಆ್ಯಪ್ ಮೂಲಕ 18,000, ಒಂದು ಕಂತೂ ಕಟ್ಟಿಲ್ಲ, ‘ರಿಟನ್ ಆಫ್’ (ವಸೂಲಾಗದ ಸಾಲ) ಎಂದು ಬರೆದಿದೆ. ಮೂರನೆಯದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಶಾಖೆಯೊಂದರ ಬೆಳೆ ಸಾಲ, 1,35,000, ಸುಸ್ತಿ. ಅಕ್ಕನ ಹೆಸರಿನಲ್ಲಿ ಒಂದು ಗುಂಟೆ ಹೊಲವೂ ಇಲ್ಲ.

ಮೊದಲ ಪ್ರಯತ್ನ

ಇಲ್ಲಿ ತಪ್ಪಿದ್ದು ನಾನು. ಮೂರನ್ನೂ ಒಟ್ಟಿಗೆ ಗುರುತು ಹಾಕಿ, ‘ಈ ಖಾತೆಗಳು ನನ್ನವಲ್ಲ’ ಎಂದು ಎಲ್ಲರ ಸಾಲದ ದಾಖಲೆ ಇಡುವ ಒಂದು ಕ್ರೆಡಿಟ್ ಮಾಹಿತಿ ಸಂಸ್ಥೆಯ ಜಾಲತಾಣದಲ್ಲಿ ತಕರಾರು ಹಾಕಿದೆ. ದಾಖಲೆ ಏನೂ ಲಗತ್ತಿಸಲಿಲ್ಲ. ಸತ್ಯ ನಮ್ಮ ಕಡೆ ಇದೆಯಲ್ಲ, ಸಾಕು ಎನಿಸಿತ್ತು. ಇಪ್ಪತ್ತು ದಿನದಲ್ಲಿ ಉತ್ತರ ಬಂತು: ಮೂರೂ ಸಾಲದಾತರು ಮಾಹಿತಿ ಸರಿ ಇದೆ ಎಂದು ದೃಢಪಡಿಸಿದ್ದಾರೆ.

ಆ ದಿನ ಅಕ್ಕ ಏನೂ ಮಾತಾಡದೆ ಎದ್ದು ಹೋದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕೂತು ಯೋಚಿಸಿದಾಗ ಕೆಲಸ ಹೇಗೆ ನಡೆಯುತ್ತದೆಂಬುದು ಹೊಳೆಯಿತು. ಕ್ರೆಡಿಟ್ ಮಾಹಿತಿ ಸಂಸ್ಥೆ ತಾನಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ. ನಮ್ಮ ತಕರಾರನ್ನು ಸಾಲ ಕೊಟ್ಟವರಿಗೆ ಕಳಿಸುತ್ತದೆ. ಅವರ ಗುಮಾಸ್ತರು ತಮ್ಮ ಕಂಪ್ಯೂಟರಿನಲ್ಲಿ ಹೆಸರು, ಪ್ಯಾನ್, ಮೊತ್ತ ಹೊಂದುತ್ತವೆಯೇ ಎಂದು ನೋಡುತ್ತಾರೆ. ಅಕ್ಕನ ಕಾಗದ ಕದ್ದು ಸಾಲ ಪಡೆದವನು ಅಕ್ಕನದೇ ಹೆಸರು, ಅಕ್ಕನದೇ ಪ್ಯಾನ್ ಕೊಟ್ಟಿರುವಾಗ ಹೊಂದದೆ ಏನು? ಸಾಲ ಪಡೆದವರು ನಿಜಕ್ಕೂ ಇವರೇನಾ ಎಂದು ಅಲ್ಲಿ ಯಾರೂ ನೋಡುವುದಿಲ್ಲ, ನಾವು ನೋಡಿಸುವವರೆಗೆ.

ಇನ್ನೊಂದು ವಿಷಯ. 2023ರ ಅಕ್ಟೋಬರ್ 26ರ ರಿಸರ್ವ್ ಬ್ಯಾಂಕ್ ಸುತ್ತೋಲೆಗಳ ಪ್ರಕಾರ, ತಿದ್ದುಪಡಿ ಕೋರಿಕೆಯನ್ನು ತಿರಸ್ಕರಿಸಿದರೆ ಸಾಲದಾತರು ಕಾರಣ ತಿಳಿಸಬೇಕು. ನಮಗೆ ಬಂದದ್ದು ಒಂದೇ ಸಾಲು. ಕಾರಣ ಕೇಳುವ ಹಕ್ಕು ನಮಗಿದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಕಟ್ಟಿಬಿಡುವ ಮಾತು

ಇದೇ ಹೊತ್ತಿಗೆ ವಸೂಲಿಯವರ ಫೋನು ಶುರುವಾಯಿತು. ನಾವು ತಕರಾರು ಹಾಕಿದಾಗ ಅಕ್ಕನ ನಿಜವಾದ ನಂಬರ್ ಕೊಟ್ಟಿದ್ದೆವಲ್ಲ, ಅಲ್ಲಿಂದಲೇ ಸಿಕ್ಕಿರಬೇಕು. ಆ್ಯಪ್ ಸಾಲ ಬಡ್ಡಿ, ದಂಡ ಸೇರಿ 41,000 ಆಗಿದೆ, 9,000 ಕಟ್ಟಿದರೆ ಮುಗಿಸಿಕೊಡುತ್ತೇವೆ ಎಂದರು. ಭಟ್ಟಿಯ ಕೆಲಸದವರ ಎದುರಿಗೇ ಫೋನು ಬರುತ್ತಿತ್ತು. ಅಕ್ಕನಿಗೆ ಅದೇ ದೊಡ್ಡ ನೋವು.

ಅಕ್ಕನ ತಮ್ಮ, ಹಣ ಜೇಬಿನಲ್ಲಿಟ್ಟುಕೊಂಡೇ, ನನ್ನ ಕಚೇರಿಗೆ ಬಂದರು. ‘ಒಂಬತ್ತು ಸಾವ್ರ ತಾನೇ ಸರ್, ಕಟ್ಟಿ ಬಿಸಾಕಾಣ. ಅಕ್ಕನ ಮಾನ ದೊಡ್ಡದು.’ ಆತನ ಮಾತಿನಲ್ಲಿ ತಪ್ಪಿರಲಿಲ್ಲ, ಪ್ರೀತಿಯೇ ಇತ್ತು. ಆ ಮೇಜಿನ ಮುಂದೆ ನಾವು ಮೂವರೂ ಒಂದು ಗಂಟೆ ಕೂತೆವು. ಈ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನ ಆಗ ಆದದ್ದು. ಕಟ್ಟಬಾರದು ಎಂದು ನಾನು ಹೇಳಲು ಮೂರು ಕಾರಣಗಳಿದ್ದವು. ಹಣ ಕಟ್ಟಿದರೆ ಸಾಲ ನನ್ನದೇ ಎಂದು ಒಪ್ಪಿದ ಹಾಗೆ ಆಗುತ್ತದೆ, ಆಮೇಲೆ ಕಳ್ಳತನ ಎಂದು ಯಾರ ಮುಂದೆ ಹೇಳುವುದು? ಕಡಿಮೆ ಹಣಕ್ಕೆ ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ಉಳಿಯುತ್ತದೆ, ಅದನ್ನು ನೋಡಿದ ಬ್ಯಾಂಕಿನವರು ಮತ್ತೆ ಹಿಂಜರಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕದ್ದವನ ಕೈಯಲ್ಲಿ ಅಕ್ಕನ ಕಾಗದಗಳು ಇನ್ನೂ ಇವೆ.

ಅಕ್ಕ ಕೊನೆಗೆ ಹೇಳಿದ್ದು ಇಷ್ಟೇ: ‘ನಾನ್ ತಿಂದಿಲ್ಲದ್ದನ್ನ ನಾನ್ ಕಕ್ಕಲ್ಲ.’ ಅಂದಿನಿಂದ ವಸೂಲಿಯವರ ಫೋನ್ ಬಂದರೆ, ದಿನಾಂಕ, ಸಮಯ, ನಂಬರ್ ನೋಟುಬುಕ್ಕಿನಲ್ಲಿ ಬರೆದುಕೊಂಡು, ‘ಬರಹದಲ್ಲಿ ಕಳಿಸಿ’ ಎಂದು ಇಟ್ಟುಬಿಡುತ್ತಿದ್ದರು.

ನಾಲ್ಕೂ ವರದಿ

ಜನರ ಬಾಯಲ್ಲಿ ಎಲ್ಲವೂ ಸಿಬಿಲ್. ವಾಸ್ತವದಲ್ಲಿ ದೇಶದಲ್ಲಿ ಇಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2017ರ ಜನವರಿಯಿಂದ ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಆಗಸ್ಟ್ ಕೊನೆಗೆ ಉಳಿದ ಮೂರನ್ನೂ ತರಿಸಿದೆವು.

ಈ ಸಲ ಸಾಲದ ಪಟ್ಟಿಯನ್ನು ಬದಿಗಿಟ್ಟು, ಯಾರೂ ಓದದ ಭಾಗಗಳನ್ನು ಓದಿದೆ: ವಿಳಾಸ, ಫೋನ್ ನಂಬರ್, ಗುರುತಿನ ಚೀಟಿ, ವಿಚಾರಣೆಗಳ ಪಟ್ಟಿ (ಯಾವ ಸಾಲದಾತರು ಯಾವಾಗ ವರದಿ ತೆಗೆದು ನೋಡಿದರು ಎಂಬುದು). ಪ್ರಕರಣದ ಗಂಟು ಬಿಚ್ಚಿದ್ದು ಅಲ್ಲೇ.

ಫೋನ್ ನಂಬರ್ ಭಾಗದಲ್ಲಿ ಅಕ್ಕನದಲ್ಲದ ಒಂದು ನಂಬರ್ ಇತ್ತು. ಮೊಬೈಲ್ ಸಾಲ, ಆ್ಯಪ್ ಸಾಲ ಎರಡೂ ಬಂದ ತಿಂಗಳುಗಳಲ್ಲೇ ಅದು ವರದಿಗೆ ಸೇರಿದೆ. ಸಂಚಾರ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನೋಡಿದರೆ ಅದೇ ಕೊನೆಯ ಅಂಕಿಗಳ ನಂಬರ್ ಅಕ್ಕನ ಹೆಸರಿನಲ್ಲಿ! ‘ಇದು ನನ್ನ ನಂಬರ್ ಅಲ್ಲ’ ಎಂದು ಅಲ್ಲಿಯೇ ದೂರು ಕೊಟ್ಟೆವು. ಯಾರಾದರೂ ನಮ್ಮ ಕ್ರೆಡಿಟ್ ವರದಿ ತೆಗೆದರೆ ಎಸ್‌ಎಂಎಸ್ ಬರಬೇಕೆಂಬ ನಿಯಮ ಈಗ ಇದೆ. ಒಳ್ಳೆಯ ನಿಯಮ. ಆದರೆ ವರದಿಯಲ್ಲಿ ಕಳ್ಳನ ನಂಬರ್ ಕೂತಿದ್ದರೆ ಎಚ್ಚರಿಕೆ ಹೋಗುವುದು ಕಳ್ಳನಿಗೆ. ಎಲ್ಲಕ್ಕೂ ಮೊದಲು ನಂಬರ್ ಮತ್ತು ಇಮೇಲ್ ಸರಿಪಡಿಸಿಕೊಳ್ಳಬೇಕೆಂದು ಈಗ ಎಲ್ಲರಿಗೂ ಹೇಳುತ್ತೇನೆ.

ವಿಚಾರಣೆಗಳ ಪಟ್ಟಿಯಲ್ಲಿ ಇನ್ನೊಂದು ಹೆದರಿಕೆ ಕಾದಿತ್ತು. ಹಿಂದಿನ ತಿಂಗಳು, ಅಂದರೆ ಜುಲೈನಲ್ಲಿ, ಮತ್ತೊಂದು ಸಾಲದ ಕಂಪನಿ ಅಕ್ಕನ ವರದಿ ನೋಡಿದೆ. ಅಕ್ಕ ಅರ್ಜಿ ಹಾಕಿಲ್ಲ. ಕಳ್ಳತನ ಹಳೆಯದಲ್ಲ, ಇನ್ನೂ ನಡೆಯುತ್ತಿದೆ. ಅಂದೇ ಅಕ್ಕನ ಬೆರಳಚ್ಚನ್ನು ಬೇರೆ ಯಾರೂ ಬಳಸದಂತೆ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿಸಿ, ಆ ಕಂಪನಿಗೆ ಇಮೇಲ್ ಹಾಕಿ ಅರ್ಜಿ ನಿಲ್ಲಿಸಿದೆವು.

ಬೆಳೆ ಸಾಲದ ಸುಳಿವು ಬೇರೆಯೇ ಥರದ್ದು. ಅದಕ್ಕೆ ಈ ಕಳ್ಳ ನಂಬರ್ ಅಂಟಿರಲಿಲ್ಲ, ಪ್ಯಾನೂ ಇರಲಿಲ್ಲ. ಗುರುತಿನ ಚೀಟಿ ಭಾಗದಲ್ಲಿ ಎರಡು ಮತದಾರರ ಚೀಟಿ ಸಂಖ್ಯೆಗಳಿದ್ದವು, ಒಂದು ಅಕ್ಕನದು, ಇನ್ನೊಂದು ಯಾರದ್ದೋ. ಹುಟ್ಟಿದ ದಿನ ಜನವರಿ 1. ಆಧಾರ್ ಮಾಡಿಸುವಾಗ ವಯಸ್ಸು ಮಾತ್ರ ಹೇಳಿದವರಿಗೆಲ್ಲ ಜನವರಿ 1 ಎಂದೇ ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ಒಂದೇ ವರ್ಷದ ಜನವರಿ 1ರಂದು ಹುಟ್ಟಿದ, ಒಂದೇ ಹೆಸರಿನ ಹೆಂಗಸರು ಎಷ್ಟು ಮಂದಿ ಇರಲಿಕ್ಕಿಲ್ಲ! ಸಾಲದ್ದಕ್ಕೆ ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅಕ್ಕನ ಹಳೆಯ ಚೀಟಿಯಲ್ಲಿ ಜಿಲ್ಲೆ ಚಿತ್ರದುರ್ಗ ಎಂದಿದೆ. ಇಬ್ಬರ ಕಡತ ಒಂದಾಗಿದೆ ಎಂದು ನನಗೆ ಅನಿಸಿತು.

ಅಲ್ಲಿಗೆ ದಾರಿ ಕವಲಾಯಿತು. ಬೆಳೆ ಸಾಲ ತಪ್ಪು, ಉಳಿದೆರಡು ಕಳ್ಳತನ. ತಪ್ಪಿಗೆ ಪೊಲೀಸರು ಬೇಕಿಲ್ಲ, ಕಳ್ಳತನಕ್ಕೆ ಬರೀ ಆನ್‌ಲೈನ್ ತಕರಾರು ಸಾಲದು. ಮೂರನ್ನೂ ಒಂದೇ ಗಂಟು ಕಟ್ಟಿದ್ದಕ್ಕೇ ಮೊದಲ ಸಲ ಸೋತಿದ್ದೆವು.

ಹೊಳಲ್ಕೆರೆ ಕಡೆಗೆ

ಅಕ್ಕ, ನಾನು ಒಂದು ಬೆಳಗ್ಗೆ ಬಸ್ಸಿನಲ್ಲಿ ಆ ಶಾಖೆಗೆ ಹೋದೆವು. ಫೋನಿನಲ್ಲಿ ಮುಗಿಯುವ ಕೆಲಸವಲ್ಲ ಎನಿಸಿತ್ತು. ಮ್ಯಾನೇಜರ್ ಮೊದಲು, ‘ಸಿಬಿಲ್ ನಮ್ಮ ಕೈಯಲ್ಲಿಲ್ಲಮ್ಮಾ’ ಎಂದರು. ಅಕ್ಕ ವಾದಿಸಲಿಲ್ಲ. ತಮ್ಮ ಆಧಾರ್ ಮುಂದಿಟ್ಟು, ‘ನಿಮ್ಮ ಸಾಲದ ಕಾಗದದಾಗಿರೋ ಫೋಟೊ ನಾನೇನಾ ನೋಡ್ರಿ, ನಂಗೆ ತೋರಿಸೋದು ಬ್ಯಾಡ’ ಎಂದರು. ಮ್ಯಾನೇಜರ್ ಕಡತ ತರಿಸಿದರು. ಒಂದು ಕ್ಷಣ ಕಡತ, ಒಂದು ಕ್ಷಣ ಅಕ್ಕನ ಮುಖ ನೋಡಿದರು. ಕಡತದಲ್ಲಿ ಹೆಬ್ಬೆಟ್ಟು ಗುರುತು, ಅಕ್ಕ ಕನ್ನಡದಲ್ಲಿ ಸಹಿ ಮಾಡುವವರು. ಅಲ್ಲೇ ಎರಡು ಸಾಲಿನ ಪತ್ರ ಬರೆದು ಸೀಲು ಹಾಕಿಕೊಟ್ಟರು: ಈ ಗ್ರಾಹಕರಿಗೂ ಸದರಿ ಸಾಲದ ಖಾತೆಗೂ ಸಂಬಂಧವಿಲ್ಲ. ಆ ಪತ್ರ ಲಗತ್ತಿಸಿ ಹೊಸ ತಕರಾರು ಹಾಕಿದೆವು. 19 ದಿನದಲ್ಲಿ ಬೆಳೆ ಸಾಲ ಅಕ್ಕನ ವರದಿಯಿಂದ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದರು: ‘ಪಾಪ, ಆಯಮ್ಮಂಗೆ ಮಳೆ ಕೈಕೊಟ್ಟಿರ್ಬೇಕೇನೋ. ನನ್ ಸಾಲ ಏನಾರ ಆಕಿ ತಲಿಮ್ಯಾಲೆ ಕುಂತಿದ್ರೆ?’ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆ ಶಾಖೆಗೆ ಇನ್ನೊಂದು ಪತ್ರ ಬರೆದು, ಅವರ ಗ್ರಾಹಕರ ವರದಿಯನ್ನೂ ಪರಿಶೀಲಿಸುವಂತೆ ಕೋರಿದೆವು.

ಪೊಲೀಸು ಮತ್ತು ಕಾಗದ

ಕಳ್ಳತನದ ಎರಡಕ್ಕೆ ಎಫ್‌ಐಆರ್ ಬೇಕಿತ್ತು. ಮೊದಲು ಹೋದ ಠಾಣೆಯಲ್ಲಿ ‘ಇದು ಬ್ಯಾಂಕಿನ ವ್ಯವಹಾರ, ಅಲ್ಲೇ ಕೇಳಿ’ ಎಂದು ಕಳಿಸಿದರು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ, ಅದರ ಸ್ವೀಕೃತಿ ಸಂಖ್ಯೆ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧ) ಠಾಣೆಗೆ ಹೋದೆವು. ಅಲ್ಲಿ ತೆಗೆದುಕೊಂಡರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳ್ಳತನಕ್ಕೇ ಇರುವ ಕಲಮು, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 66ಡಿ ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ಮಾಡುವ ವಂಚನೆಗೆ. ದೂರಿನಲ್ಲಿ ಈ ಕಲಮುಗಳನ್ನು ನಾವೇ ಬರೆದುಕೊಂಡು ಹೋಗಿದ್ದರಿಂದ ಮಾತು ಬೇಗ ಮುಗಿಯಿತು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಅದು ಅವರ ಹಕ್ಕು. 1930 ಸಹಾಯವಾಣಿಯ ಬಗ್ಗೆ ಒಂದು ಮಾತು: ಖಾತೆಯಿಂದ ಈಗಷ್ಟೇ ಹಣ ಹೋಗಿದ್ದರೆ ತಕ್ಷಣ ಅದಕ್ಕೆ ಫೋನು ಮಾಡಬೇಕು. ನಮ್ಮದು ಒಂದೂವರೆ ವರ್ಷ ಹಳೆಯ ಸಾಲ, ಅದಕ್ಕೆ ಬರಹದ ದೂರೇ ಸರಿ.

ಸೆಪ್ಟೆಂಬರ್ 9ರಂದು ಎರಡೂ ಕಂಪನಿಗಳ ಕುಂದುಕೊರತೆ ಅಧಿಕಾರಿಗಳಿಗೆ, ಜೊತೆಗೆ ನಾಲ್ಕೂ ಮಾಹಿತಿ ಸಂಸ್ಥೆಗಳಿಗೆ ಎಫ್‌ಐಆರ್ ಸಮೇತ ಬರೆದೆವು. ಈ ಸಲ ‘ನನ್ನದಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ಸಾಲದ ಅರ್ಜಿ, ಕೆವೈಸಿ (ಗುರುತಿನ ದಾಖಲೆಗಳ) ಪ್ರತಿ, ಆಗ ತೆಗೆದ ಫೋಟೊ, ಒಟಿಪಿ ಹೋದ ನಂಬರ್, ಹಣ ಜಮೆಯಾದ ಖಾತೆ, ಇಷ್ಟನ್ನೂ ಕೊಡಿ ಎಂದು ಕೇಳಿದೆವು. ಸಾಲ ಇವರದೇ ಎನ್ನುವವರು ಅದಕ್ಕೆ ಆಧಾರ ತೋರಿಸಲಿ ಎಂಬುದು ನಮ್ಮ ಪತ್ರದ ತಿರುಳು.

ಮೊಬೈಲ್ ಸಾಲದ ಕಂಪನಿ ಅಕ್ಟೋಬರ್ 2ಕ್ಕೆ ಉತ್ತರಿಸಿತು. ಅಂಗಡಿಯಲ್ಲಿ ತೆಗೆದ ಫೋಟೊದಲ್ಲಿ ಇದ್ದದ್ದು ಇಪ್ಪತ್ತೈದರ ಹುಡುಗಿ. ಆಧಾರ್ ಪ್ರತಿಯಲ್ಲಿ ಅಕ್ಕನ ಹಳೆಯ ಬಾಡಿಗೆ ಮನೆಯ ವಿಳಾಸ. 2022ರಲ್ಲೇ ಅವರು ವಿಳಾಸ ಬದಲಿಸಿದ್ದರು. ಹಾಗಾದರೆ ಸೋರಿದ್ದು ಅದಕ್ಕೂ ಮೊದಲಿನ ಝೆರಾಕ್ಸ್. ಅಕ್ಕ ಬಹಳ ಹೊತ್ತು ಯೋಚಿಸಿ ನೆನಪಿಸಿಕೊಂಡರು: ಸಂತೆಯಲ್ಲಿ ಛತ್ರಿ ಹಾಕಿಕೊಂಡು ಸಿಮ್ ಮಾರುತ್ತಿದ್ದ ಹುಡುಗ, ಬೆರಳಚ್ಚು ಸರಿಯಾಗಿ ಬರಲಿಲ್ಲ ಎಂದು ಎರಡು ಸಲ ಒತ್ತಿಸಿಕೊಂಡು, ಆಧಾರ್, ಪ್ಯಾನ್ ಎರಡರ ಝೆರಾಕ್ಸೂ ಇಟ್ಟುಕೊಂಡಿದ್ದ. ಅವನೇ ಎಂದು ಹೇಳಲು ಆಧಾರವಿಲ್ಲ. ಆದರೂ ಆ ವಿವರವನ್ನು ತನಿಖಾಧಿಕಾರಿಗೆ ಕೊಟ್ಟೆವು. ಆ ಕಂಪನಿ ಸಾಲವನ್ನು ಅಕ್ಕನ ಹೆಸರಿನಿಂದ ತೆಗೆಯಿತು.

ಆ್ಯಪ್ ಸಾಲದವರಿಂದ ಮಾತೇ ಇಲ್ಲ. 30 ದಿನ ಕಳೆಯುವುದನ್ನು ಕಾದು, ರಿಸರ್ವ್ ಬ್ಯಾಂಕ್‌ನ ಬ್ಯಾಂಕು, ಸಾಲದ ಕಂಪನಿಗಳ ಮೇಲಿನ ದೂರು ಆಲಿಸುವ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ಆನ್‌ಲೈನ್ ದೂರು ಹಾಕಿದೆವು. 2021ರ ನವೆಂಬರ್‌ನಲ್ಲಿ ಬಂದ ಈ ಯೋಜನೆಗೆ ಶುಲ್ಕವಿಲ್ಲ, ವಕೀಲರೂ ಬೇಡ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಆದರೆ ಮೊದಲು ಸಾಲದಾತರಿಗೆ ಬರೆದಿರಬೇಕು, 30 ದಿನದಲ್ಲಿ ಉತ್ತರ ಬಂದಿರಬಾರದು ಅಥವಾ ಉತ್ತರ ಸರಿಯಿಲ್ಲದಿರಬೇಕು. ಸೆಪ್ಟೆಂಬರ್ 9ರ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಆಗ ಕೆಲಸಕ್ಕೆ ಬಂದವು.

ಓಂಬುಡ್ಸ್‌ಮನ್ ಕಚೇರಿಯ ಪತ್ರ ಹೋದ ಮೇಲೆ ಕಂಪನಿ ಬಾಯಿಬಿಟ್ಟಿತು. ಹಣ ಹೋದ ಖಾತೆ ಅಕ್ಕನದಲ್ಲ. 2022ರ ಸೆಪ್ಟೆಂಬರ್‌ನ ಡಿಜಿಟಲ್ ಸಾಲದ ಮಾರ್ಗಸೂಚಿಯ ಪ್ರಕಾರ ಇಂಥ ಸಾಲದ ಹಣ ಸಾಲಗಾರರ ಸ್ವಂತ ಬ್ಯಾಂಕ್ ಖಾತೆಗೇ ನೇರ ಜಮೆಯಾಗಬೇಕು. ಅಕ್ಕನ ಒಂದೇ ಖಾತೆಯ ಪಾಸ್‌ಬುಕ್ ಪ್ರತಿಯನ್ನು ಪಕ್ಕದಲ್ಲಿಟ್ಟೆವು. ಮುಂದೆ ಹೇಳಲು ಅವರಿಗೆ ಏನೂ ಉಳಿಯಲಿಲ್ಲ.

ಏನಾಯಿತು

ನವೆಂಬರ್ 21ಕ್ಕೆ ಕೊನೆಯ ಸಾಲವೂ ವರದಿಯಿಂದ ಹೋಯಿತು. ತಕರಾರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಅಕ್ಟೋಬರ್ 9ರಿಂದ 43 ದಿನ, 4,300 ರೂಪಾಯಿ ಅಕ್ಕನ ಖಾತೆಗೆ ಬಂತು. ಅಕ್ಕನ ತಮ್ಮ ಒಂಬತ್ತು ಸಾವಿರ ಕಟ್ಟಲು ಹೊರಟಿದ್ದ ಅದೇ ಕಂಪನಿಯಿಂದ. 2025ರ ಜನವರಿ 1ರಿಂದ ಸಾಲದಾತರು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂದಾಗಿತ್ತು, ಜನವರಿ ಕೊನೆಯಲ್ಲಿ ತೆಗೆದ ವರದಿಯಲ್ಲಿ ಅಂಕ 731. ಫೆಬ್ರುವರಿಯಲ್ಲಿ ಸಾಲ ಮಂಜೂರಾಯಿತು.

ಎಲ್ಲವೂ ಸಿಕ್ಕಿತೆಂದು ಹೇಳಲಾರೆ. ಏಳು ತಿಂಗಳು ಹೋಯಿತು. ಯಂತ್ರದ ದರಪಟ್ಟಿ ಅಷ್ಟರಲ್ಲಿ ಏರಿತ್ತು. ಹೊಗೆಯಲ್ಲಿ ಇನ್ನೊಂದು ಚಳಿಗಾಲ ಕಳೆದ ಅಕ್ಕನ ಕೆಮ್ಮಿಗೆ ಯಾವ ಸುತ್ತೋಲೆಯಲ್ಲೂ ದಿನಕ್ಕಿಷ್ಟು ಎಂಬ ಲೆಕ್ಕವಿಲ್ಲ.

ಮತ್ತೆ ಇಂಥದ್ದು ಬಂದರೆ

ಮೊದಲ ದಿನವೇ ನಾಲ್ಕೂ ವರದಿ ತರಿಸುತ್ತೇನೆ, ಅಂಕ ನೋಡುವ ಮೊದಲು ಫೋನ್ ನಂಬರ್, ವಿಳಾಸ, ವಿಚಾರಣೆ ಓದುತ್ತೇನೆ. ಒಂದೊಂದು ಸಾಲಕ್ಕೂ ಬೇರೆ ಬೇರೆ ಹಾಳೆ ತೆಗೆದು, ಇದು ತಪ್ಪೋ ಕಳ್ಳತನವೋ ಎಂದು ಮೇಲೆ ಬರೆಯುತ್ತೇನೆ. ದಾಖಲೆಯಿಲ್ಲದೆ ತಕರಾರು ಹಾಕುವುದಿಲ್ಲ, ಏಕೆಂದರೆ ಒಮ್ಮೆ ‘ಸರಿ ಇದೆ’ ಎಂದವರಿಂದ ‘ತಪ್ಪಾಗಿದೆ’ ಎನ್ನಿಸುವುದು ಎರಡು ಪಟ್ಟು ಕಷ್ಟ. ಆ ಮೊದಲ ತಕರಾರಿಗೆ ಇಪ್ಪತ್ತು ದಿನವಷ್ಟೇ ಅಲ್ಲ, ಅಕ್ಕನ ಅರ್ಧ ಧೈರ್ಯವನ್ನೂ ಖರ್ಚು ಮಾಡಿದ್ದೆ.

ಈಗ ಅಕ್ಕ ಎಲ್ಲಿಗೂ ಪೂರ್ಣ ಆಧಾರ್ ಪ್ರತಿ ಕೊಡುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಮಗ ತೆಗೆದುಕೊಡುತ್ತಾನೆ, ಅದರ ಮೇಲೆ ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನ ಎಂದು ಅಡ್ಡಲಾಗಿ ಬರೆದೇ ಸಹಿ ಮಾಡುತ್ತಾರೆ. ಭಟ್ಟಿಯ ಕೆಲಸದ ಹೆಂಗಸರಿಗೂ ಹಾಗೇ ಬರೆಸುತ್ತಾರೆ.

ಜುಲೈ ತಿಂಗಳ ಆ ವಿಚಾರಣೆಯ ಸಾಲು ವರದಿಯಲ್ಲಿ ಇನ್ನೂ ಇದೆ, ತೆಗೆಸಲು ಬರೆದಿದ್ದೇವೆ. ಎಫ್‌ಐಆರ್ ತನಿಖೆಯಲ್ಲಿದೆ. ಹೊಳಲ್ಕೆರೆ ಕಡೆಯ ಆ ಶಾಖೆಯಿಂದ ನಮ್ಮ ಎರಡನೆಯ ಪತ್ರಕ್ಕೆ ಉತ್ತರ ಬಂದಿಲ್ಲ. ಮುಂದಿನ ವಾರ ಅಕ್ಕ ಮತ್ತೆ ಅಲ್ಲಿಗೆ ಹೋಗಬೇಕು ಎನ್ನುತ್ತಿದ್ದಾರೆ.